ಸೋರದ ಮೂಲೆ

"ಸ್ವಲ್ಪ ಎಡಕ್ಕೆ ವಾಲಿಸಿ, ಗೋಡೆ ತಾಗುತ್ತೆ," ಎನ್ನುತ್ತ ಮುದುಕ ಮೇಸ್ತ್ರಿ ಕೆಳಗಿನ ಮೆಟ್ಟಿಲಿನಿಂದ ಚಟ್ಟಕ್ಕೆ ಕೈ ಕೊಟ್ಟ.

ಮುಂದೆ ಹೊತ್ತಿದ್ದವನು ತೀರಿಕೊಂಡವಳ ಅಣ್ಣ. "ನೀವು ಬಿಡಿ ಮೇಸ್ತ್ರಿ. ಮನೆಯವರು ಹೊರ್ತೀವಿ," ಎಂದ.

ಮೇಸ್ತ್ರಿ ಕೈ ತೆಗೆದು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.

ಬೀದಿಯಲ್ಲಿ ನೆರೆಯವರು ಸೇರಿದ್ದರು. "ಈ ಸಾಲಿನ ತಾರಸಿಗಳ ಸೋರಿಕೆಯೆಲ್ಲ ನಿಂತಿದ್ದು ಆಯಮ್ಮ, ಮೇಸ್ತ್ರಿ ಇಬ್ಬರ ಕೈಯಲ್ಲೇ," ಎಂದ ಎದುರು ಮನೆಯವನು. "ಮಳೆ ಬಂದ್ರೆ ಹಾಸಿಗೆ ಸುತ್ತಿಟ್ಟು ಕೂತೇ ತೂಕಡಿಸ್ತಿದ್ವಿ. ಆ ತಾಯಿ ಬಂದ್ಮೇಲೇ ಕಾಲು ಚಾಚಿ ಮಲಗಿದ್ದು."

"ನಿಮ್ಮ ಗೊರಕೆಗೆ ನನ್ನ ನಿದ್ದೆ ಹೋಗಿದ್ದೂ ಆವಾಗ್ಲೇ," ಎನ್ನುತ್ತ ಅವನ ಹೆಂಡತಿ ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

*

ಈಗ ಚಟ್ಟದ ಮೇಲಿದ್ದಾಕೆ, ಗಂಡ ತೀರಿಕೊಂಡ ವರ್ಷ, ಸೋರುತ್ತಿದ್ದ ತನ್ನ ತಾರಸಿಗೆ ತಾನೇ ಡಾಂಬರು ಬಳಿದಳು. ಆ ಮಳೆಗಾಲ ಮಗು ಒದ್ದೆಯಾಗದೆ ಮಲಗಿತು. ಅದನ್ನು ನೋಡಿ ಪಕ್ಕದ ಮನೆಯವರು ಕರೆದರು, ಆಮೇಲೆ ಅವರ ನೆಂಟರು. ಒಬ್ಬಳ ಕೈಲಾಗದೆ ಹೋದಾಗ ಗಾರೆ ಕೆಲಸದ ಮೇಸ್ತ್ರಿ ಜೊತೆಯಾದ. ಡಾಂಬರು ಹೋಗಿ ರಬ್ಬರಿನಂಥ ಲೇಪ ಬಂತು, ಬಾಡಿಗೆ ಏಣಿ ಹೋಗಿ ಸ್ವಂತ ವ್ಯಾನು ಬಂತು. ಒಂದು ಅಂಗಡಿ, ಅದಕ್ಕೊಂದು ಬೋರ್ಡು, ಒಳಗೆ ಎದುರುಬದುರು ಎರಡು ಕುರ್ಚಿ.

ಲೇಪ ಒಣಗಿದ ಮೇಲೆ ನೀರು ಹರಿದುಹೋಗುವ ಕೊಳವೆ ಮುಚ್ಚಿ, ತಾರಸಿಯ ತುಂಬ ನೀರು ನಿಲ್ಲಿಸಿ, ಕೆಳಗೆ ಜಿನುಗುತ್ತದೆಯೋ ಎಂದು ಕಾಯಬೇಕು. ಹಾಗೆ ಕಾಯುತ್ತಿದ್ದ ಒಂದು ಸಂಜೆ ಮೇಸ್ತ್ರಿ ಕೇಳಿದ್ದ: "ಊರವರ ಸೂರೆಲ್ಲ ಭದ್ರ ಮಾಡ್ತೀವಿ. ನಾವಿಬ್ರೂ ಒಂದೇ ಸೂರಿನ ಕೆಳಗೆ ಇದ್ರೆ ಆಗಲ್ವಾ?"

ಮೋಟುಗೋಡೆಯ ಮೇಲೆ ಕೂತಿದ್ದ ಆಕೆ ನೀರಿನಲ್ಲಿ ಪಾದ ಆಡಿಸಿದಳು. "ಮಗಳು ದೊಡ್ಡವಳಾಗ್ಲಿ," ಎಂದಳು.

ಮಗಳು ದೊಡ್ಡವಳಾದಳು. ಆಗ ಆಕೆ, "ಅಣ್ಣ ಏನಂತಾನೋ," ಎಂದಳು. ಮೇಸ್ತ್ರಿ ಮತ್ತೆ ಕೇಳಲಿಲ್ಲ. ಇಬ್ಬರ ಮಂಡಿಯೂ ಸೋತು ವ್ಯವಹಾರ ಮಗಳ ಕೈಗೆ ಹೋದಮೇಲೆ ಅಂಗಡಿಯಲ್ಲಿ ಎದುರುಬದುರು ಕೂರುವ ನೆಪವೂ ತಪ್ಪಿತು.

*

ಮಣ್ಣು ಮಾಡಿ ಬಂದವರೆಲ್ಲ ಒಳಗೆ ಹೋದರು. ಮೇಸ್ತ್ರಿ ಗೇಟಿನ ಹೊರಗೇ ಉಳಿದ.

"ಮೇಸ್ತ್ರಿ ಮಾಮ, ಮೇಲೆ ಬನ್ನಿ," ಮಗಳು ಕರೆದಳು. ಬಾಗಿಲಲ್ಲಿ ನಿಂತಿದ್ದ ಸೋದರಮಾವ ಹುಬ್ಬೇರಿಸಿದ. "ದಾರಿ ಬಿಡಿ ಮಾವ. ಇವರೂ ಮನೆಯವರೇ," ಎಂದಳು.

ಮೆಟ್ಟಿಲು ಮೆಟ್ಟಿಲಿಗೂ ನಿಂತು ಇಬ್ಬರೂ ತಾರಸಿಗೆ ಬಂದರು.

"ಅಡುಗೆಮನೆ ಮೂಲೆ ಸೋರ್ತಿದೆ ಅಂತ ಪ್ರತಿ ಮಳೆಗಾಲಕ್ಕೆ ಮುಂಚೆ ಅಮ್ಮ ನಿಮ್ಗೆ ಫೋನ್ ಮಾಡ್ತಿದ್ರಲ್ಲ," ಎಂದಳು ಮಗಳು. "ನಮ್ಮ ಹುಡುಗರನ್ನ ಕಳಿಸ್ತೀನಿ ಅಂದ್ರೆ, ಅವರ ಕೈಗೆ ನಿಲ್ಲಲ್ಲ, ಮೇಸ್ತ್ರೀನೇ ಬರ್ಲಿ ಅನ್ನೋರು. ಅಲ್ಲಿ ಒಂದು ಹನಿ ಬಿದ್ದಿದ್ದನ್ನ ನಾನು ನೋಡಿಲ್ಲ ಮಾಮ."

"ಗೊತ್ತು."

"ಗೊತ್ತಿದ್ದೂ ಬಳೀತಿದ್ರಾ?"

"ಕರೀತಿದ್ರಲ್ಲ ತಾಯಿ."

ಮಗಳು ಸದ್ದಾಗದಂತೆ ಕೆಳಗಿಳಿದಳು.

ಆ ಮೂಲೆಯಲ್ಲಿ ಲೇಪದ ಮೇಲೆ ಲೇಪ ಕೂತು ನೆಲ ದಪ್ಪಗೆ ಎದ್ದಿತ್ತು. ಅಂಚಿನಲ್ಲಿ ಒಂದೊಂದು ವರ್ಷದ ಬಣ್ಣ ಬೇರೆಬೇರೆಯಾಗಿ ಕಾಣುತ್ತಿತ್ತು: ಬೂದು, ಬಿಳಿ, ಇಟ್ಟಿಗೆ ಕೆಂಪು, ಮತ್ತೆ ಬಿಳಿ. ಮೇಸ್ತ್ರಿ ಕಷ್ಟಪಟ್ಟು ಮಂಡಿಯೂರಿ ಅದರ ಮೇಲೆ ಅಂಗೈ ಇಟ್ಟ. ಹೊತ್ತು ಮುಳುಗಿದ್ದರೂ ಅದಿನ್ನೂ ಬೆಚ್ಚಗಿತ್ತು.