ಮುಚ್ಚಳದ ಚುಕ್ಕಿ

ನಾನು ಒಂದು ಎಂಜಿನ್. ಡೀಸೆಲ್ ಕುಡಿಯುತ್ತೇನೆ. ಎಣ್ಣೆ ಬೇಕು, ನೀರು ಬೇಕು. ನನ್ನನ್ನು ಕಂಡವರು ಕಡಿಮೆ. ಜನ ಪಿಕಪ್ ಗಾಡಿಯ ಬಣ್ಣ ನೋಡುತ್ತಾರೆ, ಹಿಂದೆ ಬರೆದ ಹೆಸರು ಓದುತ್ತಾರೆ. ನಾನು ಬಾನೆಟ್ಟಿನ ಕೆಳಗಿನ ಕತ್ತಲೆಯಲ್ಲಿರುತ್ತೇನೆ.

ಹುಟ್ಟುವಾಗ ನಾನು ನೀರಿನಂತಿದ್ದೆ. ಕರಗಿದ ಕಬ್ಬಿಣವಾಗಿ ಮರಳಿನ ಅಚ್ಚಿನೊಳಗೆ ಹರಿದೆ. ಹರಿಯುವುದರ ಸುಖ ತಿಳಿಯುವಷ್ಟರಲ್ಲಿ ಗಟ್ಟಿಯಾಗಿದ್ದೆ. ಆಮೇಲೆ ಕೊರೆದರು, ಉಜ್ಜಿದರು, ನಾಲ್ಕು ಪಿಸ್ಟನ್ ಇಳಿಸಿದರು. ಹೊಟ್ಟೆಯೊಳಗೆ ತಿರುಗುವ ಉಕ್ಕಿನ ದಂಡವೊಂದನ್ನು ಮಲಗಿಸಿ, ಅದು ಅಲುಗದಂತೆ ಐದು ಕಡೆ ಕಬ್ಬಿಣದ ಮುಚ್ಚಳ ಹಾಕಿ ಬಿಗಿದರು. ಆ ಐದು ಮುಚ್ಚಳಗಳನ್ನು ನೆನಪಿಟ್ಟುಕೊಳ್ಳಿ. ನನ್ನ ಕಥೆ ಅವುಗಳದ್ದೇ.

ಮೊದಲ ಒಡೆಯರು ಹುಬ್ಬಳ್ಳಿಯ ಬೇಕರಿಯವರು, ಪದ್ಮರಾಜ ಶೆಟ್ಟರು. ಒಂಬತ್ತು ವರ್ಷ ಬೆಳಗಿನ ಜಾವದ ರಸ್ತೆಗಳಲ್ಲಿ ಬ್ರೆಡ್ಡು ಹೊತ್ತೆ. ಬಿಸಿ ಬ್ರೆಡ್ಡಿನ ವಾಸನೆ ಕ್ಯಾಬಿನ್ ದಾಟಿ ನನ್ನವರೆಗೂ ಬರುತ್ತಿತ್ತು. ಆ ದಿನಗಳಲ್ಲಿ ಊರೆಲ್ಲ ಮಂಜಿನಿಂದ ಮಾಡಿದ್ದು ಎಂದುಕೊಂಡಿದ್ದೆ. ಕೊನೆಕೊನೆಗೆ ಹೊಗೆ ಉಗುಳತೊಡಗಿದೆ. ಬ್ರೆಡ್ಡಿಗೆ ಹೊಗೆ ಹಿಡಿಯುತ್ತದೆಂದು ಶೆಟ್ಟರು ಬೇಸರದಿಂದ ಗಾಡಿ ಮಾರಿದರು.

ಕೊಂಡವನು ಗದಗ ಬೆಟಗೇರಿಯ ಕಲ್ಮೇಶ. ಮದುವೆ, ತೊಟ್ಟಿಲು, ತಿಥಿ ಎಲ್ಲಕ್ಕೂ ಶಾಮಿಯಾನ, ಕುರ್ಚಿ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ಆಗಿನ್ನೂ ಅವನಿಗೆ ಮದುವೆಯಾಗಿರಲಿಲ್ಲ. ಅವನು ನನ್ನನ್ನು ಗ್ಯಾರೇಜಿಗೆ ಒಯ್ಯಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಇಳಿಸಿ, ತಾನೇ ಒಂದೊಂದಾಗಿ ಬಿಚ್ಚಿದ. ಐದು ಮುಚ್ಚಳಗಳನ್ನು ಬಿಚ್ಚುವ ಮೊದಲು ಬಹಳ ಹೊತ್ತು ನೋಡುತ್ತ ಕುಳಿತ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೂರಿಸಿದರೆ ದಂಡ ತಿರುಗುವುದಿಲ್ಲ, ಬಲವಂತ ಮಾಡಿದರೆ ಒಳಗೆಲ್ಲ ಹಾಳು. ಅದು ಅವನಿಗೆ ಗೊತ್ತಿತ್ತು.

ಅವನು ಸುತ್ತಿಗೆಯನ್ನೂ ಚೂಪಾದ ಉಕ್ಕಿನ ಪಂಚನ್ನೂ ತಂದ. ಮೊದಲನೆಯ ಮುಚ್ಚಳದ ಎಡಮಗ್ಗುಲಿಗೆ ಒಂದು ಚುಕ್ಕಿ ಹೊಡೆದ; ಅದಕ್ಕೆ ತಾಗಿದ ನನ್ನ ಮೈಗೂ ಒಂದು. ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಹೀಗೆ ಐದರವರೆಗೆ. ನೋವಾಗಲಿಲ್ಲ. ಅಜ್ಜಿಯಂದಿರ ಮುಂಗೈಗೆ ಹಚ್ಚೆ ಹಾಕುವಾಗ ಹೀಗೇ ಇದ್ದೀತು.

ಬಾಡಿಗೆ ಪಾತ್ರೆಗಳಿಗೂ ಅವನು ಹಾಗೆಯೇ ಮಾಡಿದ್ದ. ಪಾತ್ರೆಗೆಷ್ಟು ಚುಕ್ಕಿಯೋ ಅದರ ಮುಚ್ಚಳಕ್ಕೂ ಅಷ್ಟೇ. ಅದಿಲ್ಲದಿದ್ದರೆ ಪ್ರತಿ ಮದುವೆಯಿಂದಲೂ ಮುಚ್ಚಳಗಳು ಅದಲುಬದಲಾಗಿ ಬರುತ್ತವೆ.

ಆಮೇಲೆ ಅವನ ಹೆಂಡತಿಯಾಗಿ ದಾಕ್ಷಾಯಣಿ ಬಂದಳು. ಅವಳ ದನಿಯನ್ನು ಮೊದಲು ಕೇಳಿದ್ದೇ ಒಂದು ಜಗಳದಲ್ಲಿ. ತವರಿನಿಂದ ಅವಳ ಹೆಸರು ಕೊರೆಸಿ ಕೊಟ್ಟ ಹೊಸ ಡಬ್ಬಿಗಳಿಗೂ ಕಲ್ಮೇಶ ಚುಕ್ಕಿ ಹೊಡೆದುಬಿಟ್ಟಿದ್ದ.

“ನನ್ನ ಹಣಿಗೂ ಒಂದು ಹೊಡೀರಿ. ತಪ್ಪಿಸ್ಕೊಂಡ್ರ ಸಿಗ್ತೀನಿ” ಅಂದಳು.

ಅವನು ನಕ್ಕದ್ದು ನನ್ನ ರೇಡಿಯೇಟರಿನ ತನಕ ಕೇಳಿಸಿತು.

ಒಂದು ಭಾನುವಾರ ರೈಲ್ವೆ ಮೈದಾನದಲ್ಲಿ ಅವಳಿಗೆ ಗಾಡಿ ಕಲಿಸಿದ. ಅವಳು ಕ್ಲಚ್ಚನ್ನು ಒಮ್ಮೆಲೇ ಬಿಡುವಳು. ನಾನು ಬಿಕ್ಕಳಿಸಿ ನಿಲ್ಲುವೆನು. ಹನ್ನೊಂದು ಸಲ ಹಾಗಾಯಿತು. ಹನ್ನೆರಡನೆಯ ಸಲ ಹೊರಟೆವು. ಮೈದಾನದ ಸುತ್ತ ಮೂವರೂ ತಿರುಗಿದ್ದು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಮೈದಾನಕ್ಕೆ ಕೊನೆಯಿರುವುದಿಲ್ಲ.

ಆರು ವರ್ಷ ಹೋಯಿತು. ಒಂದು ಮುಂಜಾನೆ ಕಲ್ಮೇಶ ಬರಲಿಲ್ಲ. ಅಂಗಳದಲ್ಲಿ ಬಹಳ ಕಾಲುಗಳು ಓಡಾಡಿದವು. ನಮ್ಮದೇ ಶಾಮಿಯಾನವನ್ನು ನಮ್ಮ ಮನೆಯ ಮುಂದೆಯೇ ಹಾಕಿದರು. ಅದರ ಕಂಬಗಳನ್ನು ಯಾವಾಗಲೂ ಹೊತ್ತು ತರುತ್ತಿದ್ದವನು ನಾನು. ಅವತ್ತು ಕೈಯಲ್ಲೇ ತಂದರು. ಅಷ್ಟೇ ನನಗೆ ಗೊತ್ತಿರುವುದು.

ತಿಂಗಳಾದ ಮೇಲೆ ಕಲ್ಮೇಶನ ತಮ್ಮ ಸಂಗಮೇಶ ಗಾಡಿ ಹತ್ತಿದ. ಕೆಟ್ಟವನಲ್ಲ. ಆದರೆ ನೀರು ನೋಡುವ ಅಭ್ಯಾಸ ಅವನಿಗಿರಲಿಲ್ಲ. ಅಣ್ಣ ಮುಂಜಾನೆಯೇ ತುಂಬಿಟ್ಟಿರುತ್ತಿದ್ದ. ಬೇಸಿಗೆಯಲ್ಲಿ ಕೊಪ್ಪಳದ ದಾರಿಯಲ್ಲಿ ನನ್ನ ನೀರಿನ ಪೈಪು ಸೋರಿತು. ನಾನು ಬಿಸಿಯಾದೆ. ಇನ್ನೂ ಬಿಸಿಯಾದೆ. ಹುಟ್ಟಿದ ದಿನದಂತೆ ಮತ್ತೆ ಹರಿದುಹೋಗುವೆನೇನೋ ಅನ್ನಿಸಿತು. ಆಮೇಲೆ ಒಳಗೆ ಎಲ್ಲ ಹಿಡಿದುಕೊಂಡಿತು. ನಾಲ್ಕನೆಯ ಪಿಸ್ಟನ್ನನ್ನು ದಂಡಕ್ಕೆ ಜೋಡಿಸುವ ರಾಡು ಬಾಗಿತು. ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದರು.

ಬೇವಿನ ಮರದ ಕೆಳಗೆ ನಿಂತೆವು. ಎಲೆಗಳು ಬಾನೆಟ್ಟಿನ ಮೇಲೆ ಬೀಳುವ ಸದ್ದು ಕೇಳುತ್ತಿದ್ದೆ. ಆ ಮುಂಗಾರಿನಲ್ಲಿ ಮಳೆ ನಾಲ್ಕು ಸಲ ಬಂದು ಹೋಯಿತು. ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ.

ಸಂಗಮೇಶ ಒಂದು ದಿನ ಅಂಗಳಕ್ಕೆ ಬಂದು, ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಕುಳಿತ.

“ವೈನಿ, ಹುಬ್ಬಳ್ಳ್ಯಾಗ ಒಂದು ಇಂಜಿನ್ ಐತಿ. ಮುಂಜಾನಿ ಒಯ್ದರ ಸಂಜಿಗೆ ಹಾಕಿ ಕೊಡ್ತಾರ. ಇದನ್ನ ಗುಜರಿಗೆ ಹಾಕೂಣು.”

“ಇದ ಇರಲಿ” ಅಂದಳು ಅತ್ತಿಗೆ ದಾಕ್ಷಾಯಣಿ.

“ಇದು ಸತ್ತೈತಿ ವೈನಿ.”

ಆ ಮಾತು ಆಡಿದ ಮೇಲೆ ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಚಪ್ಪಲಿ ಎದುರಿಗೇ ಇದ್ದರೂ ಹುಡುಕಿದ.

ಕೊನೆಗೆ ಒಂದು ಮಾತಾಯಿತು. ಖಂಡೇಪೂಜೆಯ, ಎಂದರೆ ಆಯುಧಪೂಜೆಯ, ದಿನದೊಳಗೆ ನಾನು ಎದ್ದರೆ ಸರಿ. ಏಳದಿದ್ದರೆ ಹುಬ್ಬಳ್ಳಿಯ ಎಂಜಿನ್ ಬರುತ್ತದೆ, ನಾನು ಗುಜರಿಗೆ ಹೋಗುತ್ತೇನೆ. ದೀಪಾವಳಿಯ ನಂತರ ಮದುವೆಗಳು ಶುರುವಾಗುತ್ತವೆ. ಗಾಡಿ ಇಲ್ಲದೆ ಕಸುಬಿಲ್ಲ. ಅದನ್ನು ಅವಳೂ ಒಪ್ಪಿದಳು.

ಮುದುಕ ಬುಡನಸಾಬರು ಬಂದರು. ಗ್ಯಾರೇಜನ್ನು ಅಳಿಯನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದವರು. ಕಣ್ಣು ಮಂದ. ಕೈ ಮಾತ್ರ ಮಂದವಾಗಿರಲಿಲ್ಲ. ಶಾಮಿಯಾನದ ಮೂರು ಕಬ್ಬಿಣದ ಕಂಬಗಳನ್ನು ತುದಿಯಲ್ಲಿ ಕಟ್ಟಿ ನಿಲ್ಲಿಸಿ, ಅದಕ್ಕೆ ಚೈನು ಹಾಕಿ, ನನ್ನನ್ನು ಗಾಡಿಯಿಂದ ಎತ್ತಿದರು. ಎಷ್ಟೋ ವರ್ಷಗಳ ಮೇಲೆ ಗಾಳಿಯಲ್ಲಿ ತೂಗಿದೆ. ಕೆಳಗೆ ಗಾಡಿ ಬಾಯಿ ತೆರೆದು ನಿಂತಿತ್ತು. ನನ್ನ ಜಾಗ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ.

“ಬಿಚ್ಚತೀನಿ ಯವ್ವಾ. ಬಾಡಿ ಒಡದಿದ್ರ ಮಾತ್ರ ನನ್ನ ಕೈಯಾಗ ಇಲ್ಲ” ಅಂದರು.

ಬಾಡಿ ಎಂದರೆ ನನ್ನ ಕಬ್ಬಿಣದ ಮೈ. ಅದು ಒಡೆದಿರಲಿಲ್ಲ. ತಟ್ಟಿ ತಟ್ಟಿ ಕಿವಿಗೊಟ್ಟು ಕೇಳಿದರು. ಮುಚ್ಚಳಗಳ ಮೇಲೆ ವರ್ಷಗಳ ಎಣ್ಣೆ ಸುಟ್ಟು ಕಪ್ಪಾಗಿ ಕೂತಿತ್ತು. ಚುಕ್ಕಿಗಳು ಅದರಡಿ ಇದ್ದವು. ಅವರಿಗೆ ಕಾಣಲಿಲ್ಲ. ಸೀಮೆಸುಣ್ಣದಿಂದ ಐದಕ್ಕೂ ಅಂಕಿ ಬರೆದು, ಸಾಲಾಗಿ ಗೋಣಿಚೀಲದ ಮೇಲಿಟ್ಟರು. ನಾನು ಹೇಳಬಯಸಿದೆ. ಬಿಚ್ಚಿಟ್ಟ ಎಂಜಿನ್ನಿಗೆ ದನಿ ಇರುವುದಿಲ್ಲ.

ಆ ದಿನಗಳು ವಿಚಿತ್ರ. ನಾನು ಒಂದೇ ಕಡೆ ಇರಲಿಲ್ಲ. ಪಿಸ್ಟನ್‌ಗಳು ಬುಟ್ಟಿಯಲ್ಲಿ, ದಂಡ ಗೋಡೆಗೊರಗಿ, ಮುಚ್ಚಳಗಳು ಗೋಣಿಯ ಮೇಲೆ. ಒಂದೊಂದು ಭಾಗ ಒಂದೊಂದು ಕನಸು ಕಾಣುತ್ತಿತ್ತು. ಬುಟ್ಟಿಗೆ ಬ್ರೆಡ್ಡಿನ ವಾಸನೆ, ಗೋಡೆಗೆ ಮೈದಾನ. ಬೇವಿನ ನೆರಳು ನನ್ನ ಖಾಲಿ ಹೊಟ್ಟೆಯೊಳಗೆ ನೀರಿನಂತೆ ಆಡುತ್ತಿತ್ತು.

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಕಡೆ ನವರಾತ್ರಿಯ ಘಟ ಹಾಕುವ ಮೊದಲು ಮನೆಯಲ್ಲಿ ತೊಳೆಯದೆ ಬಿಡುವ ವಸ್ತು ಇಲ್ಲ. ಹಾಸಿಗೆ, ಹೊದಿಕೆ, ಅಟ್ಟದ ಮೇಲಿನ ಡಬ್ಬಿ, ಎಲ್ಲ. ಶುಕ್ರವಾರ ಮಧ್ಯಾಹ್ನ ಬುಡನಸಾಬರು ನಮಾಜಿಗೆ ಹೋದಾಗ ದಾಕ್ಷಾಯಣಿ ಸೆರಗು ಕಟ್ಟಿ ಕುಳಿತಳು. ಪಾತ್ರೆಗಳಾದ ಮೇಲೆ ನನ್ನ ಸರದಿ. ಎಲ್ಲವನ್ನೂ ಬೋಗುಣಿಯಲ್ಲಿ ಡೀಸೆಲ್ ಹಾಕಿ ಅದ್ದಿದಳು, ಬಟ್ಟೆಯಿಂದ ಒರೆಸಿದಳು, ಮೊರದಲ್ಲಿ ಬಿಸಿಲಿಗೆ ಹರವಿದಳು. ಬಾಣಂತಿ ಕೂಸಿಗೆ ಎರೆದಷ್ಟು ಜತನ.

ಬುಡನಸಾಬರು ಬಂದು ಮೊರದ ಮುಂದೆ ನಿಂತರು.

“ಯಾರು ತೊಳದವರು?”

“ನಾನ ರೀ ಕಾಕಾ. ಅಮಾಸಿ ಬಂತಲ್ಲ.”

“ಸುಣ್ಣದ ಗುರ್ತು ಇತ್ತು.”

“ಹೊಲಸು ಅಂದ್ಕೊಂಡೆ.”

ಅವರು ಮೆಲ್ಲಗೆ ಕುಳಿತರು. “ನಲವತ್ತು ವರ್ಷದಾಗ ನನ್ನ ಗ್ಯಾರೇಜಿನ್ಯಾಗ ಒಬ್ಬನೂ ಇಷ್ಟು ಚೊಲೊ ತೊಳದಿಲ್ಲವ್ವ” ಅಂದರು. ಬೈಗುಳಕ್ಕಿಂತ ಅದು ಹೆಚ್ಚು ತಾಗಿತು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಮೊದಲನೆಯದೂ ಕೊನೆಯದೂ ಆಕಾರದಿಂದಲೇ ಗೊತ್ತಾಗುತ್ತವೆ. ನಡುವಿನ ಮೂರು ಒಂದೇ ಥರ. ಯಾವುದು ಎಲ್ಲಿ, ಯಾವ ಮುಖ ಯಾವ ಕಡೆ, ಹೇಳುವವರಿಲ್ಲ. ಹೊಸದಾಗಿ ಕೊರೆಸೋಣ ಎಂದರೆ ನನ್ನ ಮೈಯಲ್ಲಿ ಅಷ್ಟು ಕಬ್ಬಿಣ ಉಳಿದಿಲ್ಲ. ಅಂದಾಜಿನ ಮೇಲೆ ಬಿಗಿದು ಓಡಿಸಿದರೆ ಎರಡು ಊರು ದಾಟುವುದರಲ್ಲಿ ಮುಗಿಯುತ್ತದೆ. ಸಂಗಮೇಶನಿಗೆ ಹೇಳಿ ಆ ಎಂಜಿನ್ ತರಿಸುವುದು ಒಳ್ಳೆಯದು.

ದಾಕ್ಷಾಯಣಿ ಮೊರವನ್ನು ಎಳೆದುಕೊಂಡು ಬೇವಿನ ಕೆಳಗೆ ಕುಳಿತಳು. ಒಂದು ಮುಚ್ಚಳವನ್ನು ಮಡಿಲಿಗೆ ತೆಗೆದುಕೊಂಡಳು. ನೋಡುತ್ತಿರಲಿಲ್ಲ, ಅವಳ ಕಣ್ಣು ಬಾಯಿ ತೆರೆದ ಗಾಡಿಯ ಮೇಲಿತ್ತು. ಹೆಬ್ಬೆರಳು ಮಾತ್ರ ಕಬ್ಬಿಣದ ಅಂಚಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಪಾತ್ರೆಗಳ ಕೋಣೆಗೆ ಕಿಟಕಿ ಇಲ್ಲ. ಅಲ್ಲಿ ಆರು ವರ್ಷ ಅವಳು ಮುಚ್ಚಳಗಳನ್ನು ಹೆಬ್ಬೆರಳಿನಿಂದಲೇ ಹೊಂದಿಸಿದ್ದಳು.

ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ನಿಂತಿತು.

ಅವಳು ಎದ್ದು ಹೋಗಿ ತೆಂಗಿನ ನಾರು, ಬೂದಿ ತಂದು ಆ ಮಗ್ಗುಲನ್ನು ಉಜ್ಜಿದಳು. ಡೀಸೆಲ್ಲಿಗೂ ಬಿಡದೆ ಉಳಿದಿದ್ದ ಸುಟ್ಟ ಎಣ್ಣೆಯ ಕಪ್ಪು ಬಿಡುತ್ತ ಬಂತು.

“ಕಾಕಾ, ಇದು ಮೂರನೇದು.”

“ಹೆಂಗ ಹೇಳ್ತಿ?”

“ಮೂರು ಚುಕ್ಕಿ ಅದಾವು. ನಮ್ಮವರು ಹೊಡದದ್ದು.” ನನ್ನ ಕಡೆ ತಿರುಗಿ ಅಂದಳು, “ಅದರ ಪಾತ್ರಿಗೂ ಮೂರು ಇರಬೇಕು. ಚುಕ್ಕಿಗೆ ಚುಕ್ಕಿ ಕೂಡಬೇಕು.”

ಪಾತ್ರೆ ಎಂದರೆ ನಾನು. ಅವಳು ನನ್ನ ಹೊಟ್ಟೆಯೊಳಗೆ ಕೈ ಇಳಿಸಿದಳು. ಒಂದು, ಎರಡು, ಮೂರು ಎಂದು ಅವಳ ಬೆರಳು ನನ್ನ ಮೇಲೆ ಎಣಿಸಿತು. ಅವನು ಹೊಡೆದಂದಿನಿಂದ ಅಲ್ಲಿ ಯಾರೂ ಮುಟ್ಟಿರಲಿಲ್ಲ. ಅವಳು ಅಳಲಿಲ್ಲ. ಕೈಯನ್ನು ಬಹಳ ಹೊತ್ತು ಅಲ್ಲೇ ಇಟ್ಟಿದ್ದಳು. ಬುಡನಸಾಬರು ಎದ್ದು ಹೋಗಿ ಹೊರಗಿನ ನಲ್ಲಿಯಲ್ಲಿ ಕೈ ತೊಳೆಯುತ್ತ ನಿಂತರು, ಕೈ ಆಗಲೇ ಸ್ವಚ್ಛವಿದ್ದರೂ.

ಮುಚ್ಚಳಗಳು ಕೂತವು. ದಂಡವನ್ನು ಬುಡನಸಾಬರು ಎರಡು ಬೆರಳಿಂದ ನೂಕಿದರು, ತೊಟ್ಟಿಲಿನಂತೆ ತಿರುಗಿತು. ನಾಲ್ಕನೆಯ ಪಿಸ್ಟನ್ನಿಗೆ ಮಾತ್ರ ಹೊಸ ರಾಡು ಹಾಕಬೇಕಾಯಿತು. ಅದಕ್ಕೆ ಗುರುತಿರಲಿಲ್ಲ. ಅವರು ಪಂಚನ್ನೂ ಸುತ್ತಿಗೆಯನ್ನೂ ಅವಳ ಮುಂದೆ ಹಿಡಿದರು.

“ನೀನ ಹೊಡಿ.”

ನಾಲ್ಕು ಚುಕ್ಕಿ ಹೊಡೆದಳು. ಎರಡನೆಯದು ಸ್ವಲ್ಪ ಸೊಟ್ಟ.

ಖಂಡೇಪೂಜೆಯ ಬೆಳಿಗ್ಗೆ ನನ್ನನ್ನು ಮತ್ತೆ ಗಾಡಿಗೆ ಇಳಿಸಿ ಆಗಿತ್ತು. ಸಂಗಮೇಶ ಬಂದ. ಯಾರೂ ಹೇಳದೆ ಕೊಡ ತಂದು ರೇಡಿಯೇಟರಿಗೆ ನೀರು ತುಂಬಿದ. ಅಂಚಿಗೆ ಬಂದರೂ ಇನ್ನೊಂದು ತಂಬಿಗೆ ಹಾಕಲು ನೋಡಿದ, ಚೆಲ್ಲಿತು. ಬಾನೆಟ್ಟಿಗೆ ಚೆಂಡುಹೂವಿನ ಮಾಲೆ ಕಟ್ಟಿದರು. ದಾಕ್ಷಾಯಣಿ ಕೀಲಿಯನ್ನು ಅವನ ಕಡೆ ಚಾಚಿದಾಗ ಅವನು ಹಿಂದೆ ಸರಿದು, “ನೀವ ಹತ್ರಿ ವೈನಿ” ಅಂದ.

ಮೊದಲ ಸಲ ಕೆಮ್ಮಿದೆ. ಎರಡನೆಯ ಸಲ ಗಾಳಿ ಮಾತ್ರ. ಬುಡನಸಾಬರು ಡೀಸೆಲ್ ಪೈಪನ್ನು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿದರು. ಮೂರನೆಯ ಸಲ, ಬಹಳ ದೂರದಿಂದ ಯಾರೋ ಕರೆದ ಹಾಗಾಯಿತು. ಬುಟ್ಟಿಯ ಕನಸು, ಗೋಡೆಯ ಕನಸು, ಗೋಣಿಯ ಕನಸು ಎಲ್ಲ ಒಂದೇ ಕಡೆಗೆ ಬಂದು ಸೇರಿದವು. ನಾನು ಎದ್ದೆ.

ಅವಳು ಕ್ಲಚ್ಚನ್ನು ಒಮ್ಮೆಲೇ ಬಿಟ್ಟಳು. ಬಿಕ್ಕಳಿಸಿ ನಿಂತೆ. ಬೇವಿನ ಕೆಳಗೆ ಯಾರೂ ನಗಲಿಲ್ಲ. ಆಮೇಲೆ ಅವಳೇ ನಕ್ಕಳು, ಸಣ್ಣಗೆ. ಅಂಗಳದಲ್ಲಿ ಕಾಲುಗಳು ಓಡಾಡಿದ ಆ ದಿನದ ನಂತರ ನಾನು ಕೇಳಿದ ಮೊದಲ ನಗು ಅದು. ಮರುಸಲ ಹೊರಟೆವು.

ಈಗ ನನಗೆ ವಯಸ್ಸಾಗಿದೆ. ದೂರದ ಊರುಗಳಿಗೆ ಹೊಸ ಗಾಡಿ ಹೋಗುತ್ತದೆ. ಹತ್ತಿರದ ತೊಟ್ಟಿಲು, ಸೀಮಂತಗಳಿಗೆ ನಾವು ಸಾಕು. ಉಳಿದ ದಿನ ಬೇವಿನ ಕೆಳಗೆ ನಿಂತು ಎಲೆಯ ಸದ್ದು ಕೇಳುತ್ತೇವೆ. ಬುಡನಸಾಬರು ಈಗಿಲ್ಲ. ನೀರನ್ನು ಸಂಗಮೇಶ ದಿನವೂ ನೋಡುತ್ತಾನೆ, ಗಾಡಿ ತೆಗೆಯದ ದಿನವೂ.

ಒಂದು ದಿನ ನನ್ನನ್ನು ಗುಜರಿಯಲ್ಲಿ ಒಡೆಯುತ್ತಾರೆ. ಒಡೆಯುವವನಿಗೆ ಚುಕ್ಕಿಗಳು ಕಂಡಾವು. ಮುಚ್ಚಳಗಳ ಹದಿನೈದೂ ನನ್ನ ಮೈಯ ಹದಿನೈದೂ ನೆಟ್ಟಗಿವೆ, ರಾಡಿನ ನಾಲ್ಕರಲ್ಲಿ ಒಂದು ಸೊಟ್ಟಗಿದೆ. ಯಾರು ಹೊಡೆದರೆಂದು ಅವನಿಗೆ ತಿಳಿಯಬೇಕಾಗಿಲ್ಲ. ಅಲ್ಲಿಯವರೆಗೆ ಒಂದೇ ಎಣ್ಣೆಯಲ್ಲಿ ಅವು ತೋಯುತ್ತಿರುತ್ತವೆ. ಅವಳು ಕೀಲಿ ತಿರುಗಿಸಿದಾಗ ಎಲ್ಲವೂ ಒಟ್ಟಿಗೇ ಬೆಚ್ಚಗಾಗುತ್ತವೆ.