ನೂರು ವರ್ಷದ ಬಸ್ಸು

ನಮ್ಮೂರ ಬಸ್ ಕಂಪನಿಗೆ ನೂರು ವರ್ಷ ತುಂಬಿತಂತೆ. ಮೂರು ವರ್ಷದ ಹಿಂದೆ ಹುಟ್ಟಿದ್ದಕ್ಕೆ ನೂರು ಹೇಗೆ ತುಂಬಿತು ಎಂದು ಕೇಳಬೇಡಿ. ಪುರಸಭೆ ಗುತ್ತಿಗೆ ಬದಲಿಸಿದಾಗಲೆಲ್ಲ ಪ್ಯಾರಿಸ್‌ನಿಂದ ಹೊಸ ಯಜಮಾನರು ಬರುತ್ತಾರೆ. ಹೆಸರು ಹೊಸದು, ಬಣ್ಣ ಹೊಸದು. ಲೆಕ್ಕ ಮಾತ್ರ ಊರಿನ ಮೊದಲ ಟ್ರಾಮಿನಿಂದ. ಆ ಟ್ರಾಮು ಓಡಿಸಿದ ನನ್ನ ಮುತ್ತಾತ ಎಷ್ಟು ಬಣ್ಣದ ಕೋಟು ತೊಟ್ಟನೋ. ಬಸ್ಸು ಓಡಿಸುವ ನನಗಂತೂ ಇದು ಎರಡನೆಯದು. ಸೀಟಿನ ಹರಿದ ಬಟ್ಟೆ ಮಾತ್ರ ಅದೇ.

ಈ ಯಜಮಾನರು ಬಂದ ಕೂಡಲೇ ಮಾಡಿದ ಪುಣ್ಯಕಾರ್ಯವೆಂದರೆ ಗುಡ್ಡದ ಮೇಲಿನ ನಮ್ಮ ಗ್ರಾವಿಯೆ ಬಡಾವಣೆಯ ಬಸ್ಸು ನಿಲ್ಲಿಸಿದ್ದು. ನಷ್ಟವಂತೆ. ಗುಡ್ಡದ ಬುಡದ ನಿಲ್ದಾಣದ ಗಾಜಿನ ಗೂಡನ್ನು ಮಾತ್ರ ಬಿಟ್ಟರು. ಜಾಹೀರಾತಿನ ಬಾಡಿಗೆ ಬರುತ್ತದಲ್ಲ. ಅಂದಿನಿಂದ ಮಂಡಿ ಹೋದ ನನ್ನ ಅಮ್ಮ ಜೋಸಿಯಾನ್, ಗಾಲಿ ಹಚ್ಚಿದ ಸಂತೆಚೀಲ ಎಳೆದುಕೊಂಡು ಗುಡ್ಡ ಹತ್ತುತ್ತಾಳೆ. ಮಗ ಬಸ್ ಚಾಲಕ! ಎಂಥ ಭಾಗ್ಯ.

ನೂರರ ಮೆರವಣಿಗೆಗೆ ಹಳೇ ಬಸ್ಸೊಂದನ್ನು ತಿಕ್ಕಿ ತೊಳೆದರು. ಅದರ ಗೇರು ಎಳೆಯಲು ತೋಳಿನಲ್ಲಿ ಕಸುವು ಬೇಕೆಂದು ನನ್ನನ್ನು ಕೂರಿಸಿದರು. ಗುಡ್ಡದ ಮೇಲೆ ಫೋಟೋ ಚೆನ್ನಾಗಿ ಬರುತ್ತದೆಂದು ನಿರ್ದೇಶಕ ಬೆರ್ತಿಲೋ ಮೆರವಣಿಗೆಯನ್ನು ಗ್ರಾವಿಯೆಗೇ ತಿರುಗಿಸಿದ.

"ದಾರೀಲಿ ಯಾರನ್ನೂ ಹತ್ತಿಸ್ಕೋಬೇಡಿ. ಹತ್ತಿಸ್ಕೊಂಡ್ರೆ ನಾಳೆಯಿಂದ ನೀವು ಬರೋದು ಬೇಡ," ಎಂದ, ಬಹಳ ಮರ್ಯಾದೆಯಿಂದ.

ಗುಡ್ಡದ ಬುಡದ ಗೂಡಿನಲ್ಲಿ ಅಮ್ಮ ಕೈ ಅಡ್ಡ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ನೆರೆಮನೆಯ ಉಗೆತ್ ಅಜ್ಜಿ. ಹಿಂದೆ ಅರ್ಧ ಬಡಾವಣೆ.

"ನಿಲ್ಲಿಸ್ಬೇಡಿ!" ಬಾಗಿಲ ಬಳಿ ನಿಂತಿದ್ದ ಬೆರ್ತಿಲೋ ಕೂಗಿದ.

ನಿಲ್ಲಿಸಿದೆ.

"ಮೂರೇ ವರ್ಷ ಲೇಟು!" ಎನ್ನುತ್ತ ಅಜ್ಜಿ ನುಗ್ಗಿದಳು. "ಕಂಪನಿ ಸುಧಾರಿಸಿದೆ ಕಣೇ ಜೋಸಿಯಾನ್."

"ಮೇಡಂ, ಇದು ಇತಿಹಾಸದ ಬಸ್ಸು. ಜನ ಹತ್ತೋ ಹಾಗಿಲ್ಲ," ಎಂದ ಬೆರ್ತಿಲೋ.

"ನಾನೂ ಇತಿಹಾಸವೇ ಕಣಪ್ಪ. ಒಸಿ ಸರಿ ಅತ್ಲಾಗೆ."

ಅಮ್ಮ ನನ್ನ ಕಿವಿಯ ಬಳಿ ಬಗ್ಗಿದಳು. "ಕೆಲಸ ಹೋಗತ್ತೇನೋ?"

"ಹೋಗತ್ತೆ."

"ಹಾಗಾದ್ರೆ ಮನೆ ಬಾಗಿಲವರೆಗೂ ಬಿಡು."

ಬಿಟ್ಟೆ. ಮುಂದಿನ ಸೀಟಿನಲ್ಲಿದ್ದ ಉಪಮೇಯರ್, ಇದನ್ನೂ ಕಂಪನಿಯೇ ಏರ್ಪಡಿಸಿದೆ ಎಂದುಕೊಂಡು ಚಪ್ಪಾಳೆ ತಟ್ಟಿದ. ಫೋಟೋದವನು ಕ್ಲಿಕ್ಕಿಸಿಯೇ ಕ್ಲಿಕ್ಕಿಸಿದ.

ಮಾರನೆಯ ದಿನ ಕೋಟು ಕಿತ್ತುಕೊಂಡು ಕಳಿಸಿದರು. ಚಾಲಕರ ಸಂಘದವರು ನನಗಾಗಿ ಒಂದು ಬೆಳಿಗ್ಗೆ ಮುಷ್ಕರ ಹೂಡಿದರು. ಊರಿಗೆಲ್ಲ ನಡೆಯುವ ಯೋಗ ಬಂತು. ಮಧ್ಯಾಹ್ನ ಊಟಕ್ಕೆ ಹೋದವರು ಮುಷ್ಕರ ಮರೆತರು.

ಈಗ ಗೂಡಿನ ಗಾಜಿಗೆ ಹೊಸ ಚಿತ್ರ ಅಂಟಿಸಿದ್ದಾರೆ: ತುಂಬಿದ ಬಸ್ಸು, ಸ್ಟೇರಿಂಗು ಹಿಡಿದ ನಾನು, ನಗುವ ಅಮ್ಮ. ಕೆಳಗೆ ದಪ್ಪಕ್ಷರದಲ್ಲಿ, 'ನೂರು ವರ್ಷದಿಂದ ನಿಮ್ಮ ಮನೆ ಬಾಗಿಲಿಗೆ.'

ಅದರ ಮುಂದೆಯೇ ಅಮ್ಮನ ಚೀಲ ಎಳೆದುಕೊಂಡು ಗುಡ್ಡ ಹತ್ತುತ್ತೇನೆ. ನನಗೀಗ ಬಿಡುವು ಧಾರಾಳ.