ನೂರರಲ್ಲಿ ಸೊನ್ನೆ ಕಳೆದರೆ

ಫವ್ವಾಜ್ ಕಾಫಿಯ ಬಟ್ಟಲನ್ನು ತುಟಿಯ ಬಳಿಗೆ ತಂದಾಗ ಪರದೆಯ ಹಿಂದಿನಿಂದ ಸತ್ತವನ ಹೆಂಡತಿಯ ದನಿ ಬಂತು.

"ಪ್ರತಿ ಗುರುವಾರ ಸಂಜೆ ಹ್ಯಾಮ್ ರೇಡಿಯೋ ಮುಂದೆ ಮೈಕ್ ಹಿಡ್ಕೊಂಡು ಕೂತು ನಿಮ್ಮನ್ನ ಕರೀತಿದ್ರು. 'ಸಿಟ್ಟು ಬಿಟ್ಟೆ ಕಣೋ, ಮಾತಾಡು' ಅಂತಿದ್ರು. ಒಂದ್ಸಲನಾದ್ರೂ ಹೂಂ ಅನ್ನಬಾರದಿತ್ತಾ?"

"ನಾನೂ ಪ್ರತಿ ಗುರುವಾರ ಕರಕ್‌ನಲ್ಲಿ ನಮ್ಮನೆ ರೇಡಿಯೋಗೆ ಕಿವಿಗೊಟ್ಟು ಕೂರ್ತಿದ್ದೆ ಅತ್ತಿಗೆ. ಏನೂ ಕೇಳಿಸ್ಲಿಲ್ಲ. ಮುನೀಫ್ ಇನ್ನೂ ಮುನಿಸಲ್ಲೇ ಇದಾನೆ ಅಂದ್ಕೊಂಡೆ."

ಅವನು ಬಟ್ಟಲನ್ನು ಕುಡಿಯದೆ ನೆಲದ ಮೇಲಿಟ್ಟ. ಆ ಸೀಮೆಯ ರೂಢಿಯಲ್ಲಿ, ಬಟ್ಟಲು ಕೆಳಗಿಟ್ಟ ಅತಿಥಿಗೆ ಏನೋ ಬೇಕಾಗಿದೆ. ಅದು ಈಡೇರುವವರೆಗೆ ಕುಡಿಯುವುದಿಲ್ಲ. ಮುನೀಫನ ಮಗ ಸುಹೈಲ್ ಹೂಜಿ ಹಿಡಿದು ನಿಂತ.

"ಏನಾಗ್ಬೇಕು, ಹೇಳಿ ಚಿಕ್ಕಪ್ಪ."

"ಮಾಳಿಗೆ ಹತ್ತಿ ಆಂಟೆನಾ ತಂತಿ ನೋಡ್ಬೇಕು."

"ಗೋರಿ ಮಣ್ಣು ಇನ್ನೂ ಹಸಿ, ಇವನಿಗೆ ತಂತಿ ಚಿಂತೆ," ಎಂದ ಮೂಲೆಯಲ್ಲಿದ್ದ ಮುದುಕ.

"ಹತ್ತಲಿ ಬಿಡಿ," ಎಂದಿತು ಪರದೆಯ ಹಿಂದಿನ ದನಿ.

*

ಜಗಳ ಹುಟ್ಟಿದ್ದು ಮುನೀಫನ ಮೇಜಿನ ಮೇಲಿದ್ದ ಮಾಪಕದಿಂದ. ಅದಕ್ಕೆ ಎರಡು ಮುಳ್ಳು. ಒಂದು ಆಂಟೆನಾದತ್ತ ಹೋಗುವ ಶಕ್ತಿಯನ್ನು ತೋರಿಸುತ್ತಿತ್ತು. ಇನ್ನೊಂದು, ಅಲ್ಲಿಂದ ತಿರುಗಿ ಬರುವುದನ್ನು.

"ಹೋಗಿದ್ದು ನೂರು ವ್ಯಾಟ್, ವಾಪಸ್ ಬಂದಿದ್ದು ಸೊನ್ನೆ. ನೂರೂ ಗಾಳಿಗೆ ಹೋಯ್ತು. ಕಳೆಯೋ ಲೆಕ್ಕ ಬರಲ್ವಾ ನಿಂಗೆ?" ಎಂದಿದ್ದ ಮುನೀಫ್.

"ನಿನ್ನ ಕೇಬಲ್ ಹಳೇದು. ಅದು ದಾರೀಲೇ ನುಂಗಿದ್ರೆ ವಾಪಸ್ ಬರೋಕೆ ಏನುಳಿಯುತ್ತೆ? ಮೇಲೆ ಹೋಗಿ ಆಂಟೆನಾ ಹತ್ರ ಅಳಿ. ಬಾಲ ಹಿಡ್ಕೊಂಡು ಕತ್ತೆ ಹಲ್ಲು ಎಣಿಸ್ತೀಯಲ್ಲೋ," ಎಂದಿದ್ದ ಫವ್ವಾಜ್.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮುನೀಫ್ ನಗಲಿಲ್ಲ. ಅಂದಿನಿಂದ ಮುನೀಫನ ಊರಾದ ಸಲ್ತ್‌ಗೂ ಕರಕ್‌ಗೂ ನಡುವೆ ಮಾತು ನಿಂತಿತು. ಫೋನ್ ಎರಡು ಮನೆಯಲ್ಲೂ ಇತ್ತು, ಬಿಗುಮಾನವೂ ಇತ್ತು.

*

ಮಾಳಿಗೆಯ ಮೇಲೆ ಫವ್ವಾಜ್ ಚಾಕುವಿನಿಂದ ಕೇಬಲಿನ ಸಿಪ್ಪೆ ಸೀಳಿದ. ಒಳಗಿನ ತಾಮ್ರದ ಹೆಣಿಗೆ ಕಪ್ಪು ಪುಡಿಯಾಗಿತ್ತು. ಹಳೆಯ ಮಳೆಯ ನೀರು ಅವನ ಬೆರಳಿಗಿಳಿಯಿತು. ಅವನು ಕೇಬಲನ್ನು ಆಂಟೆನಾದಿಂದ ಪೂರ್ತಿ ಬಿಚ್ಚಿ, ತುದಿಯನ್ನು ಕೈಯಲ್ಲಿ ಹಿಡಿದ. ಕೇಬಲ್ ಸರಿಯಿದ್ದರೆ, ಹೀಗೆ ಬಿಚ್ಚಿದ ತುದಿಯಿಂದ ಕಳಿಸಿದ ನೂರೂ ತಿರುಗಿ ಬರಬೇಕು.

"ಸುಹೈಲ್, ಕಳಿಸೋ ಗುಂಡಿ ಒತ್ತು. ಮುಳ್ಳು ನೋಡಿ ಹೇಳು."

ಕೆಳಗಿನ ಕಿಟಕಿಯಿಂದ ಉತ್ತರ ಬಂತು.

"ಹೋಗಿದ್ದು ನೂರು. ವಾಪಸ್ ಸೊನ್ನೆ. ಅಪ್ಪ ಇದ್ದಾಗ ಇದ್ದಂಗೇ ಇದೆ ಚಿಕ್ಕಪ್ಪ. ಎಲ್ಲಾ ಸರಿಯಾಗಿದೆ."

ಫವ್ವಾಜ್ ಆಂಟೆನಾಗೆ ತಾಗದ ಆ ಬಿಡಿ ತುದಿಯನ್ನು ನೋಡಿದ.

"ಇನ್ನೊಂದ್ಸಲ ಒತ್ತು," ಎಂದ. ನೀರು ತೊಟ್ಟಿಕ್ಕುತ್ತಿದ್ದ ಆ ತುದಿಯನ್ನು ಎರಡು ಕೈಯಲ್ಲೂ ಹಿಡಿದು ಕಿವಿಗೆ ಒತ್ತಿಕೊಂಡ.